ಹಳದಿ ಛತ್ರಿಯ ಜೆರಾಕ್ಸ್ ಅಂಗಡಿ, ಚಿಯಾಂಗ್ ಮಾಯ್: ಸ್ವಂತ ಮನೆ ಇದ್ದವರ ವಿಳಾಸದ ಕಾಗದಗಳಿಗೆ

ಥಾಯ್ಲೆಂಡಿನಲ್ಲಿ ನಿವೃತ್ತಿ ವೀಸಾದ ಮೇಲೆ ಇರುವ ನಮ್ಮವರಿಗೆ, ಅದರಲ್ಲೂ ಕಾಂಡೋ, ಅಂದರೆ ಅಪಾರ್ಟ್‌ಮೆಂಟಿನ ಮನೆ, ಕೊಂಡುಕೊಂಡು ಇರುವವರಿಗೆ, ಈ ಅಂಗಡಿ ಗೊತ್ತಿರಲಿ ಅಂತ ಬರೆಯುತ್ತಿದ್ದೇನೆ. ಚಿಯಾಂಗ್ ಮಾಯ್ ವಿಮಾನ ನಿಲ್ದಾಣದ ಹತ್ತಿರ ಇಮಿಗ್ರೇಷನ್ ಕಚೇರಿ ಇದೆಯಲ್ಲ, ಅಲ್ಲಿಂದ ಐದು ನಿಮಿಷ ನಡೆದರೆ ಸಿಗುತ್ತದೆ. ಒಂದೇ ಶಟರಿನ ಅಂಗಡಿ. ಎರಡು ಜೆರಾಕ್ಸ್ ಮಷಿನ್, ಒಂದು ಕಂಪ್ಯೂಟರ್, ಫೋಟೋ ತೆಗೆಯಲು ಗೋಡೆಗೆ ತೂಗುಹಾಕಿದ ಬಿಳಿ ಬಟ್ಟೆ. ಬೋರ್ಡ್ ಥಾಯ್ ಭಾಷೆಯಲ್ಲಿ ಮಾತ್ರ ಇದೆ. ಬಾಗಿಲ ಮುಂದೆ ದೊಡ್ಡ ಹಳದಿ ಛತ್ರಿ ನೆಟ್ಟಿರುತ್ತಾರೆ, ಅದೇ ಗುರುತು.

ಹೊರಗಿನಿಂದ ನೋಡಿದರೆ ಬರೀ ಜೆರಾಕ್ಸ್ ಅಂಗಡಿ. ಆದರೆ ನನ್ನ ವೀಸಾ ಈ ವರ್ಷ ಸರಿಯಾಗಿ ನವೀಕರಣ ಆಗಿದ್ದರೆ ಅದಕ್ಕೆ ಕಾರಣ ಈ ಅಂಗಡಿಯ ಯಜಮಾನಿ.

ನಾನು ತಿಪಟೂರಿನವಳು. ಬ್ಯಾಂಕಾಕಿನ ಶಾಲೆಯೊಂದರಲ್ಲಿ 14 ವರ್ಷ ಗಣಿತ ಪಾಠ ಮಾಡಿ ನಿವೃತ್ತಳಾದೆ. ಊರಿಗೆ ವಾಪಸ್ ಹೋಗಬೇಕು ಅಂತಲೇ ಇದ್ದೆ. ಅಷ್ಟರಲ್ಲಿ ಒಂದು ರಜೆಗೆ ಚಿಯಾಂಗ್ ಮಾಯ್‌ಗೆ ಬಂದೆ. ಡೊಯ್ ಸುತೇಪ್ ಬೆಟ್ಟ, ಹಳೇ ಊರಿನ ಸುತ್ತ ಇರುವ ಕಂದಕ, ಬೆಳಿಗ್ಗೆ ವರೊರೋಟ್ ಮಾರುಕಟ್ಟೆಯಲ್ಲಿ ರಾಶಿ ರಾಶಿ ಹೂವು. ಮನಸ್ಸು ಇಲ್ಲೇ ನಿಂತಿತು. ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಸುತ್ತಲಿನ ಕಾಡು, ಹೊಲಗಳಿಗೆ ಬೆಂಕಿ ಹಚ್ಚುವ ಹೊಗೆಯಲ್ಲಿ ಕಣ್ಣು ಉರಿಯುತ್ತದೆ, ಆ ಸಮಯಕ್ಕೆ ನಾನು ತಂಗಿಯ ಮನೆಗೆ ಹೋಗಿಬಿಡುತ್ತೇನೆ. ಉಳಿದಂತೆ ನನಗೆ ಇದೇ ಊರು.

ಇಲ್ಲಿ ವಿದೇಶಿಯರು ಜಮೀನು ಕೊಳ್ಳುವ ಹಾಗಿಲ್ಲ. ಕಾಂಡೋ ಕೊಳ್ಳಬಹುದು, ಅದೂ ಒಂದು ಕಟ್ಟಡದಲ್ಲಿ ವಿದೇಶಿಯರ ಪಾಲು ಎಲ್ಲ ಸೇರಿ ಒಟ್ಟು ಜಾಗದ 49 ಶೇಕಡಾದೊಳಗೆ ಇರಬೇಕು. ಹೊರದೇಶದಿಂದ ವಿದೇಶಿ ಹಣವಾಗಿಯೇ ದುಡ್ಡು ತರಿಸಿದ ದಾಖಲೆ ತೋರಿಸಿ, ಭೂ ಕಚೇರಿಗೆ ಹೋಗಿ ನನ್ನ ಹೆಸರಿಗೆ ಪತ್ರ ಮಾಡಿಸಿಕೊಂಡೆ. ಈ ಹಕ್ಕುಪತ್ರಕ್ಕೆ ಇಲ್ಲಿ ಛನೋಟ್ ಅನ್ನುತ್ತಾರೆ. ಮೇಲೆ ಗರುಡನ ಮುದ್ರೆ ಇರುತ್ತದೆ. ಅದನ್ನು ಕೈಯಲ್ಲಿ ಹಿಡಿದ ದಿನ ಅಪ್ಪನನ್ನು ನೆನೆಸಿಕೊಂಡು ಅತ್ತಿದ್ದೆ.

ಈಗ ನವೀಕರಣದ ವಿಷಯ. ಇದನ್ನು ವರ್ಷಕ್ಕೊಮ್ಮೆ ಮಾಡಿಸಬೇಕು. ವಯಸ್ಸು 50 ತುಂಬಿರಬೇಕು. ದುಡ್ಡಿನ ಭಾಗ ಎಲ್ಲರಿಗೂ ಗೊತ್ತು: ಥಾಯ್ ಬ್ಯಾಂಕಿನಲ್ಲಿ ನಮ್ಮ ಹೆಸರಲ್ಲಿ 8,00,000 ಬಾತ್, ಅರ್ಜಿಗೆ ಎರಡು ತಿಂಗಳು ಮೊದಲಿನಿಂದ. ಆದಮೇಲೂ ಮೂರು ತಿಂಗಳು ಅದನ್ನು ಮುಟ್ಟಬಾರದು, ಆಮೇಲೆ 4,00,000ಕ್ಕಿಂತ ಕೆಳಗೆ ಇಳಿಸಬಾರದು. ಇಲ್ಲವಾದರೆ ತಿಂಗಳಿಗೆ 65,000 ಬಾತ್ ಆದಾಯ ತೋರಿಸಬೇಕು. ಟಿಎಂ 7 ಅನ್ನುವ ಅರ್ಜಿ, 1,900 ಬಾತ್ ಶುಲ್ಕ. ಇದರಲ್ಲಿ ನಾನು ಯಾವತ್ತೂ ಎಡವಿಲ್ಲ. ಲೆಕ್ಕದ ಮೇಷ್ಟ್ರ ಕೆಲಸ ಮಾಡಿದವಳು, ದುಡ್ಡಿನ ತಾರೀಕುಗಳನ್ನೆಲ್ಲ ಗೋಡೆಯ ಕ್ಯಾಲೆಂಡರಿನಲ್ಲೇ ಗುರುತು ಹಾಕಿಟ್ಟಿರುತ್ತೇನೆ.

ಎಡವಿದ್ದು ವಿಳಾಸದಲ್ಲಿ. ಸ್ವಂತ ಮನೆ ಇದ್ದವರಿಗೆ ವಿಳಾಸದ್ದೇನು ಕಷ್ಟ ಅಂತ ಅನಿಸುತ್ತದೆ ಅಲ್ವಾ? ನನಗೂ ಹಾಗೇ ಅನಿಸಿತ್ತು. ಬಾಡಿಗೆಯವರಾದರೆ ಮನೆ ಮಾಲೀಕರ ಹತ್ತಿರ ಕರಾರು ಪತ್ರ, ಅವರ ಗುರುತಿನ ಚೀಟಿ, ಸಹಿ ಎಲ್ಲ ಕೇಳಿ ತರಬೇಕು. ನನ್ನ ಹತ್ತಿರ ಛನೋಟ್ ಇದೆ, ಇನ್ಯಾರನ್ನು ಕೇಳಬೇಕು?

ಇಲ್ಲಿ ಟಿಎಂ 30 ಅಂತ ಒಂದು ಫಾರಂ ಇದೆ. ತನ್ನ ಮನೆಯಲ್ಲಿ ವಿದೇಶಿಯರು ಬಂದು ಉಳಿದರೆ ಮನೆಯ ಯಜಮಾನರು 24 ಗಂಟೆಯೊಳಗೆ ಇಮಿಗ್ರೇಷನ್‌ಗೆ ತಿಳಿಸಬೇಕು. 1979ರ ವಲಸೆ ಕಾಯ್ದೆಯ 38ನೇ ಕಲಂ ಇದು. ತಪ್ಪಿದರೆ 2,000 ಬಾತ್‌ವರೆಗೆ ದಂಡ. ನಮ್ಮ ದೇಶದಲ್ಲೂ ವಿದೇಶಿಯರನ್ನು ಮನೆಯಲ್ಲಿ ಉಳಿಸಿಕೊಂಡವರು 24 ಗಂಟೆಯೊಳಗೆ ತಿಳಿಸಬೇಕು ಅಂತ ನಿಯಮ ಇದೆ, ಹಾಗಾಗಿ ಇದೇನೂ ವಿಚಿತ್ರ ಅಲ್ಲ. ನಮ್ಮ ಕಟ್ಟಡದ ಕಚೇರಿಯಲ್ಲಿ ಕೇಳಿದಾಗ, "ಮನೆ ನಿಮ್ಮದೇ, ನೀವೇ ಇರೋದು, ನಿಮಗೆ ಅದು ಬೇಡ" ಅಂದಿದ್ದರು. ನಂಬಿದೆ. ಕಾಂಡೋ ಕೊಂಡಾಗ ಒಂದು ಸಲ ಕೊಟ್ಟಿದ್ದೆ, ಅದೇ ಸಾಕು ಅಂದುಕೊಂಡೆ.

ಕಳೆದ ಅಕ್ಟೋಬರಿನಲ್ಲಿ ದಸರಾ ಮುಗಿಸಿಕೊಂಡು ಊರಿನಿಂದ ಬಂದೆ. ಬ್ಯಾಂಕಾಕಿನಲ್ಲಿ ನನ್ನ ಹಳೇ ಸಹೋದ್ಯೋಗಿಗೆ ಮಂಡಿ ಆಪರೇಷನ್ ಆಗಿತ್ತು. ನೋಡಿಕೊಂಡು ಬರೋಣ ಅಂತ ಎರಡು ರಾತ್ರಿ ಅಲ್ಲಿಯೇ ಹೋಟೆಲಿನಲ್ಲಿ ಉಳಿದೆ. 2025ರ ಮೇ 1ರಿಂದ ದೇಶದೊಳಗೆ ಬರುವ ವಿದೇಶಿಯರೆಲ್ಲ ಆನ್‌ಲೈನ್‌ನಲ್ಲಿ ಆಗಮನದ ಕಾರ್ಡ್ ತುಂಬಬೇಕಲ್ಲ, ಅದರಲ್ಲೂ ಆ ಹೋಟೆಲಿನ ವಿಳಾಸವನ್ನೇ ಹಾಕಿದ್ದೆ. ಹೋಟೆಲಿನವರು ಕಾನೂನಿನಂತೆ ನನ್ನ ಹೆಸರನ್ನು ಇಮಿಗ್ರೇಷನ್‌ಗೆ ಕಳಿಸಿದರು. ಅವರದೇನೂ ತಪ್ಪಿಲ್ಲ. ಆಮೇಲೆ ಮನೆಗೆ ಬಂದೆ, ಪಾಟಿನ ಕರಿಬೇವಿಗೆ ನೀರು ಹಾಕಿದೆ, ಎಂದಿನ ಹಾಗೆ ಇದ್ದೆ.

ನವೆಂಬರ್ 24ಕ್ಕೆ ವೀಸಾ ಮುಗಿಯುತ್ತಿತ್ತು. 6ನೇ ತಾರೀಕು ಗುರುವಾರ ಬೆಳಿಗ್ಗೆ ಛನೋಟಿನ ನಕಲು, ಬ್ಯಾಂಕಿನ ಪತ್ರ, ಪಾಸ್‌ಬುಕ್ ಎಲ್ಲ ಹಿಡಿದುಕೊಂಡು ಕಚೇರಿಗೆ ಹೋದೆ. ಕೌಂಟರಿನ ಹುಡುಗಿ ಪಾಸ್‌ಪೋರ್ಟ್ ನಂಬರ್ ಹೊಡೆದು ನೋಡಿದಳು. ಪರದೆಯನ್ನು ನನ್ನ ಕಡೆ ತಿರುಗಿಸಿ ತೋರಿಸಿದಳು. ನಾನು ಕೊನೆಯದಾಗಿ ಉಳಿದ ಜಾಗ ಅಂತ ಬ್ಯಾಂಕಾಕಿನ ಆ ಹೋಟೆಲಿನ ಹೆಸರು ಇತ್ತು. ಛನೋಟ್ ಮುಂದೆ ಇಟ್ಟೆ. ತುಂಬಾ ಮರ್ಯಾದೆಯಿಂದಲೇ ಹೇಳಿದಳು, "ಇದು ಮನೆ ನಿಮ್ಮದು ಅಂತ ಹೇಳುತ್ತದೆ. ನೀವು ಅಲ್ಲಿ ಇದ್ದೀರಿ ಅಂತ ಹೇಳುವುದಿಲ್ಲ. ಮೊದಲು ಟಿಎಂ 30 ಕೊಟ್ಟು ಬನ್ನಿ."

ಅವಳು ಹೇಳಿದ್ದು ನ್ಯಾಯವೇ. ಆದರೂ ಹೊರಗೆ ಬಂದು ನಿಂತಾಗ ಕಾಲಲ್ಲಿ ಬಲ ಇರಲಿಲ್ಲ. ಒಬ್ಬಳೇ ಇರುವ ಹೆಂಗಸು, 62 ವರ್ಷ. ವೀಸಾ ತಪ್ಪಿದರೆ ನನ್ನದೇ ಮನೆಗೆ ನಾನು ಬೀಗ ಹಾಕಿಕೊಂಡು ಹೊರಡಬೇಕು. ಆ ಯೋಚನೆ ಎಷ್ಟು ಭಾರ ಅಂತ ಇಲ್ಲಿ ಮನೆ ಮಾಡಿಕೊಂಡವರಿಗೆ ಗೊತ್ತಾಗುತ್ತದೆ.

ಫಾರಂ ಸಿಗುತ್ತದೇನೋ ಅಂತ ಆ ಹಳದಿ ಛತ್ರಿಯ ಕೆಳಗೆ ಹೋದೆ. ಯಜಮಾನಿಗೆ ಐವತ್ತೈದರ ಹತ್ತಿರ ವಯಸ್ಸು. ರಾಜಮಾತೆ ಸಿರಿಕಿತ್ ಅಕ್ಟೋಬರ್ 24ಕ್ಕೆ ತೀರಿಕೊಂಡಿದ್ದರು, ಅದಕ್ಕೆ ಎಲ್ಲರ ಹಾಗೆ ಅವರೂ ಕಪ್ಪು ಬಟ್ಟೆ ಹಾಕಿದ್ದರು. ನನ್ನ ಮುಖ ನೋಡಿದವರೇ ಮೊದಲು ಕೂರಿಸಿ ನೀರು ಕೊಟ್ಟರು. ಏನು ಕೆಲಸ ಮಾಡುತ್ತಿದ್ದಿರಿ ಅಂತ ಕೇಳಿದರು. ಟೀಚರ್ ಅಂದೆ. ಅಲ್ಲಿಂದ ಮುಂದೆ ನನ್ನನ್ನು "ಖ್ರೂ" ಅಂತಲೇ ಕರೆದರು. ಖ್ರೂ ಅಂದರೆ ನಮ್ಮ ಗುರುವೇ. ಈ ದೇಶದಲ್ಲಿ ಆ ಶಬ್ದಕ್ಕೆ ಇನ್ನೂ ತೂಕ ಇದೆ.

ಆಮೇಲೆ ಅವರು ಮಾಡಿದ ಕೆಲಸವನ್ನು ನಾನು ಮರೆಯುವುದಿಲ್ಲ. ನನ್ನ ಹತ್ತಿರ ಇದ್ದ ಕಾಗದಗಳನ್ನೆಲ್ಲ ಇಸಿದುಕೊಂಡು ಜೆರಾಕ್ಸ್ ಮಷಿನ್ ಮುಚ್ಚಳದ ಮೇಲೆ ಸಾಲಾಗಿ ಹರಡಿದರು. ಛನೋಟ್, ತಬಿಯನ್ ಬಾನ್ ಅನ್ನುವ ಮನೆಯ ನೋಂದಣಿ ಪುಸ್ತಕ, ಬರೆದುಕೊಂಡು ಹೋಗಿದ್ದ ಟಿಎಂ 7 ಅರ್ಜಿ, 90 ದಿನಕ್ಕೊಮ್ಮೆ ಇಮಿಗ್ರೇಷನ್‌ಗೆ ವಿಳಾಸ ತಿಳಿಸುವ ವರದಿಯ ರಸೀದಿ. ತೋರುಬೆರಳನ್ನು ಒಂದೊಂದರ ಮೇಲೂ ಇಟ್ಟು ಬರೀ ವಿಳಾಸದ ಸಾಲನ್ನು ಓದುತ್ತಾ ಹೋದರು. ಛನೋಟಿನಲ್ಲಿ 88/47. ತಬಿಯನ್ ಬಾನ್‌ನಲ್ಲೂ 88/47. ನನ್ನ ಅರ್ಜಿಯ ಮೇಲೆ ಬಂದಾಗ ಬೆರಳು ನಿಂತಿತು. 512. ರಸೀದಿಯಲ್ಲೂ 512.

512 ಅಂದರೆ ನನ್ನ ಬಾಗಿಲ ಮೇಲಿರುವ ನಂಬರ್. ಐದನೇ ಮಹಡಿ, ಹನ್ನೆರಡನೇ ಮನೆ. ಕೊರಿಯರ್ ಹುಡುಗರು, ಕಟ್ಟಡದ ಕಚೇರಿ, ನೀರಿನ ಬಿಲ್ಲು ಎಲ್ಲದರಲ್ಲೂ ಅದೇ. ಆದರೆ ಸರ್ಕಾರದ ಪುಸ್ತಕದಲ್ಲಿ ನನ್ನ ಮನೆಯ ನಂಬರ್ 88/47. ಇಷ್ಟು ವರ್ಷ ಎರಡನ್ನೂ ಬೇಕಾದ ಕಡೆ ಬೇಕಾದ ಹಾಗೆ ಬರೆದುಕೊಂಡು ಬಂದಿದ್ದೆ. ಅವರು ಪೆನ್ಸಿಲ್ ತೆಗೆದು 512ರ ಸುತ್ತ ಸಣ್ಣ ಗುಂಡು ಹಾಕಿ, "ಖ್ರೂ, ಇದು ಕೋಣೆ. ಇದು ಮನೆ. ತೊ ಮೊ ಅವರಿಗೆ ಮನೆ ಬೇಕು" ಅಂದರು. ಇಮಿಗ್ರೇಷನ್‌ನವರಿಗೆ ಇಲ್ಲಿ ಎಲ್ಲರೂ ತೊ ಮೊ ಅನ್ನುತ್ತಾರೆ.

ಈ ತಬಿಯನ್ ಬಾನ್ ನಮ್ಮ ರೇಷನ್ ಕಾರ್ಡ್ ಇದ್ದ ಹಾಗೆ ಅಂದುಕೊಳ್ಳಿ, ಆ ಮನೆಯಲ್ಲಿ ಯಾರು ಯಾರು ಇದ್ದಾರೆ ಅಂತ ಬರೆದಿರುತ್ತದೆ. ನನ್ನ ಕಾಂಡೋಗೂ ಒಂದು ನೀಲಿ ಪುಸ್ತಕ ಕೊಟ್ಟಿದ್ದಾರೆ. ಮೊದಲ ಪುಟದಲ್ಲಿ ಮನೆಯ ವಿವರ. ಮುಂದಿನ ಪುಟಗಳಲ್ಲಿ ಹೆಸರಿಗೆ ಜಾಗ. ಅವು ಪೂರ್ತಿ ಖಾಲಿ. ನೀಲಿ ಪುಸ್ತಕದಲ್ಲಿ ಹೆಸರು ಹತ್ತುವುದು ಥಾಯ್ ಪ್ರಜೆಗಳಿಗೆ ಮತ್ತು ಇಲ್ಲಿನ ಕಾಯಂ ವಾಸದ ಹಕ್ಕು ಪಡೆದವರಿಗೆ ಮಾತ್ರ. ನಮ್ಮಂಥವರಿಗೆ ಬೇರೆ ಹಳದಿ ಪುಸ್ತಕ ಇದೆ, ಅದನ್ನು ನಾವೇ ಅರ್ಜಿ ಹಾಕಿ ಮಾಡಿಸಬೇಕು. ಆ ಖಾಲಿ ಪುಟವನ್ನು ಯಜಮಾನಿ ನನಗೆ ತೆರೆದು ತೋರಿಸಿದಾಗ ನಿಜವಾಗಿ ಅರ್ಥ ಆಯಿತು. ಮನೆ ನನ್ನದು. ಆದರೆ ಆ ಮನೆಯಲ್ಲಿ ನಾನಿದ್ದೇನೆ ಅಂತ ನನ್ನ ಮನೆಯ ಪುಸ್ತಕವೂ ಹೇಳುತ್ತಿಲ್ಲ.

ಥಾಯ್ ಭಾಷೆಯಲ್ಲಿ ವಿಳಾಸಕ್ಕೆ "ಥೀ ಯೂ" ಅನ್ನುತ್ತಾರೆ. ಇರುವ ಜಾಗ ಅಂತ ಅರ್ಥ. ಎಲ್ಲಿ ಇದ್ದೀರಿ ಅನ್ನುವುದಷ್ಟೇ ಅದರಲ್ಲಿದೆ. ಹಕ್ಕಿನ ಮಾತೇ ಇಲ್ಲ. ತಿಪಟೂರಿನ ನಮ್ಮ ಅಪ್ಪನ ಮನೆಯ ಖಾತೆ ಅಣ್ಣನ ಹೆಸರಲ್ಲಿದೆ. ಅವನು ಇರುವುದು ಹುಬ್ಬಳ್ಳಿಯಲ್ಲಿ. ದಿನಾ ಹೊಸಿಲಿಗೆ ನೀರು ಹಾಕಿ ರಂಗೋಲಿ ಬಿಡುವವಳು ತಂಗಿ. ಹಾಗೆ ಯೋಚನೆ ಮಾಡಿದ ಮೇಲೆ ಈ ನಿಯಮದ ಬಗ್ಗೆ ನನಗೆ ಬೇಜಾರು ಉಳಿಯಲಿಲ್ಲ.

ಟಿಎಂ 30 ಫಾರಂ ತುಂಬಲು ಕೂತೆವು. ಅದರಲ್ಲಿ ಒಂದು ಕಡೆ ಮನೆಯ ಯಜಮಾನರ ವಿವರ, ಇನ್ನೊಂದು ಕಡೆ ಅಲ್ಲಿ ಉಳಿದಿರುವ ವಿದೇಶಿಯರ ವಿವರ. ಎರಡೂ ಕಡೆ ನನ್ನದೇ ಹೆಸರು ಬರೆಸಿದರು. ಛನೋಟಿನ ಹಿಂಬದಿಯ ನಕಲನ್ನು ಮರೆಯದೆ ಸೇರಿಸಿದರು. ಕೈ ಬದಲಾದ ಮಾಲೀಕರ ಹೆಸರುಗಳು ಇರುವುದು ಅಲ್ಲೇ, ಕೊನೆಯ ಹೆಸರು ನನ್ನದು. ನಾನು ಬೆಳಿಗ್ಗೆ ತೆಗೆದುಕೊಂಡು ಹೋಗಿದ್ದು ಬರೀ ಮುಂಬದಿ! ಥಾಯ್ ಲಿಪಿಯಲ್ಲಿರುವ ಆ ಹೆಸರಿನ ಪಕ್ಕ ಪೆನ್ಸಿಲಿನಲ್ಲಿ ಸಣ್ಣ ಗೆರೆ ಎಳೆದು, ಅಧಿಕಾರಿ ಹುಡುಕಬೇಕಾಗಿಲ್ಲ ಅಂದರು. ಪ್ರತಿಯೊಂದು ನಕಲಿನ ಮೇಲೂ ನೀಲಿ ಪೆನ್ನಿನಲ್ಲಿ ಸಹಿ ಹಾಕಿಸಿದರು. ಅವರ ಮಗ ಕಂಪ್ಯೂಟರಿನಲ್ಲಿ ನನ್ನ ಮನೆಯ ನಕ್ಷೆ ತೆಗೆದು, ಹತ್ತಿರದ ದೇವಸ್ಥಾನ ಕಾಣುವ ಹಾಗೆ ಪ್ರಿಂಟ್ ಹಾಕಿದ. ಅರ್ಜಿಯ ಜೊತೆ ನಕ್ಷೆಯೂ ಬೇಕು.

ಅದೇ ಮಧ್ಯಾಹ್ನ ಟಿಎಂ 30 ಕೊಟ್ಟೆ. ದಂಡಕ್ಕೆ ಅಂತ ದುಡ್ಡು ಕೈಯಲ್ಲೇ ಹಿಡಿದಿದ್ದೆ, ಹಾಕಲಿಲ್ಲ. ಫಾರಂನ ಕೆಳಗಿನ ತುಂಡಿಗೆ ಮುದ್ರೆ ಒತ್ತಿ ಪಾಸ್‌ಪೋರ್ಟಿಗೆ ಪಿನ್ ಹೊಡೆದು ಕೊಟ್ಟರು. ಬೆರಳುದ್ದದ ಚೀಟಿ. ಸೋಮವಾರ ಬ್ಯಾಂಕಿನಿಂದ ಅವತ್ತಿನ ತಾರೀಕಿನ ಹೊಸ ಪತ್ರ ತೆಗೆದುಕೊಂಡು, ಪಾಸ್‌ಬುಕ್ ಎಂಟ್ರಿ ಹಾಕಿಸಿ, ಮತ್ತೆ ಈ ಅಂಗಡಿಗೇ ಬಂದೆ. ಯಜಮಾನಿ ಇನ್ನೊಂದು ಸಲ ಬೆರಳು ಓಡಿಸಿದರು. ಎಲ್ಲದರಲ್ಲೂ 88/47. ಕೌಂಟರಿನಲ್ಲಿ ಒಂದು ಪ್ರಶ್ನೆಯೂ ಬರಲಿಲ್ಲ. ಎರಡು ತಾಸಿನಲ್ಲಿ 2026ರ ನವೆಂಬರ್ 24ರವರೆಗಿನ ಮುದ್ರೆ ಬಿತ್ತು.

ಖರ್ಚು ಕೇಳಿ. ನಕಲು ಪುಟಕ್ಕೆ 2 ಬಾತ್, ಫೋಟೋ 120, ನಕ್ಷೆ ಮತ್ತು ಫಾರಂ ತುಂಬಿಸಿದ್ದು ಸೇರಿ ಎರಡು ದಿನಕ್ಕೆ ನಾನು ಕೊಟ್ಟಿದ್ದು 380 ಬಾತ್. ಜಾಸ್ತಿ ಕೊಡಲು ಹೋದರೆ ಕೈ ಮುಗಿದು ಬೇಡ ಅಂದರು. ಆಮೇಲೆ ಮನೆಯಲ್ಲಿ ಕೊಬ್ಬರಿ ಮಿಠಾಯಿ ಮಾಡಿಕೊಂಡು ಹೋಗಿ ಕೊಟ್ಟೆ, ಅದನ್ನು ಮಾತ್ರ ಎರಡೂ ಕೈ ಚಾಚಿ ತೆಗೆದುಕೊಂಡರು.

ಇದಕ್ಕೆ ಹೋಲಿಸಿದರೆ ಏಜೆಂಟರು ಕೇಳುವುದು ಸಾವಿರಗಳಲ್ಲಿ. ಎರಡು ವರ್ಷದ ಹಿಂದೆ ಒಬ್ಬ ಏಜೆಂಟ್, ಬ್ಯಾಂಕಿನಲ್ಲಿ ದುಡ್ಡು ಇಲ್ಲದಿದ್ದರೂ ಪರವಾಗಿಲ್ಲ, ಎಲ್ಲ ನಾನು ನೋಡಿಕೊಳ್ಳುತ್ತೇನೆ ಅಂದಿದ್ದ. ಅಂಥವರ ಹತ್ತಿರ ದಯವಿಟ್ಟು ಹೋಗಬೇಡಿ. ಸಿಕ್ಕಿಬಿದ್ದರೆ ದೇಶ ಬಿಡಬೇಕಾದವರು ನೀವು, ಅವರಲ್ಲ. ನಡೆದಾಡಲು ಆಗದವರು, ಸಾಲಿನಲ್ಲಿ ನಿಲ್ಲಲು ಆಗದವರು ನಿಯತ್ತಿನ ಏಜೆಂಟರ ಸಹಾಯ ತೆಗೆದುಕೊಳ್ಳುವುದು ಬೇರೆ ಮಾತು. ನಮ್ಮ ಕಾಗದ ನಾವೇ ನೋಡಿಕೊಳ್ಳುವ ಶಕ್ತಿ ಇದ್ದರೆ ಈ ಅಂಗಡಿ ಸಾಕು.

ಕೊರತೆಗಳೂ ಇವೆ. ಯಜಮಾನಿಗೆ ಇಂಗ್ಲಿಷ್ ಬರುವುದಿಲ್ಲ. ಮಗನಿಗೆ ಅಲ್ಪಸ್ವಲ್ಪ ಬರುತ್ತದೆ, ಆದರೆ ಕಾಲೇಜಿಗೆ ಹೋಗುವ ಹುಡುಗ, ಎಲ್ಲ ದಿನ ಸಿಗುವುದಿಲ್ಲ. ಥಾಯ್ ಗೊತ್ತಿಲ್ಲದವರು ಫೋನಿನಲ್ಲಿ ಅನುವಾದದ ಆ್ಯಪ್ ಇಟ್ಟುಕೊಂಡು ಹೋಗಿ. ಕೂರಲು ಒಂದೇ ಬೆಂಚು. ಜನ ಜಾಸ್ತಿ ಇದ್ದರೆ ಬಿಸಿಲಲ್ಲಿ ನಿಲ್ಲಬೇಕು, ಫ್ಯಾನ್ ಗಾಳಿ ಬಾಗಿಲವರೆಗೂ ಬರುವುದಿಲ್ಲ. ಫೋಟೋ ಅಷ್ಟು ಚೆನ್ನಾಗಿ ಬರುವುದಿಲ್ಲ, ಬೆಳಕು ಕಣ್ಣಿಗೆ ಹೊಡೆಯುತ್ತದೆ. ಫೋಟೋ ಬೇರೆ ಕಡೆ ತೆಗೆಸಿಕೊಂಡು ಬಂದರೆ ಒಳ್ಳೆಯದು, ಅಳತೆ 4 x 6 ಸೆಂಟಿಮೀಟರ್. ಕಾರ್ಡ್ ತೆಗೆದುಕೊಳ್ಳುವುದಿಲ್ಲ. ನಗದು ಇಲ್ಲವೇ ಥಾಯ್ ಬ್ಯಾಂಕಿನ ಕ್ಯೂಆರ್.

ಸ್ವಂತ ಕಾಂಡೋ ಇರುವವರು ಇಲ್ಲಿಗೆ ಹೋಗುವಾಗ ಛನೋಟಿನ ಅಸಲು ತೆಗೆದುಕೊಂಡು ಹೋಗಿ, ಹಿಂಬದಿಯ ನಕಲು ಅಲ್ಲೇ ಮಾಡಿಸಿ. ನೀಲಿ ಪುಸ್ತಕ ಖಾಲಿ ಇದೆ ಅಂತ ಮನೆಯಲ್ಲಿ ಬಿಟ್ಟು ಹೋಗಬೇಡಿ, ಅದರ ಮೊದಲ ಪುಟ ಬೇಕೇ ಬೇಕು. ನವೀಕರಣಕ್ಕೆ ತಿಂಗಳು ಇರುವಾಗ ಬೇರೆ ಊರಿನ ಹೋಟೆಲಿನಲ್ಲಿ ಉಳಿದಿದ್ದರೆ, ಮನೆಗೆ ಬಂದ ಮಾರನೇ ದಿನವೇ ಟಿಎಂ 30 ಕೊಟ್ಟುಬಿಡಿ. ಊರಿಗೆ ಹೋಗುವ ಮೊದಲು ಮರುಪ್ರವೇಶದ ಪರವಾನಗಿ ಮಾಡಿಸಿರಬೇಕು. ಒಂದು ಸಲಕ್ಕೆ 1,000 ಬಾತ್, ಎಷ್ಟು ಸಲ ಬೇಕಾದರೂ ಹೋಗಿಬರಲು 3,800. ಅದಿಲ್ಲದೆ ದೇಶ ದಾಟಿದರೆ ವರ್ಷದ ವೀಸಾ ಅಲ್ಲಿಗೇ ಮುಗಿಯಿತು. ಅದರ ಫಾರಂ, ನಕಲು ಕೂಡ ಇವರೇ ಮಾಡಿಕೊಡುತ್ತಾರೆ.

ಹಳದಿ ಪುಸ್ತಕದ ಅರ್ಜಿಗೆ ಏನೇನು ಬೇಕು ಅಂತ ಯಜಮಾನಿ ನನಗೆ ಒಂದು ಹಾಳೆಯಲ್ಲಿ ಬರೆದುಕೊಟ್ಟಿದ್ದಾರೆ. ಪಾಸ್‌ಪೋರ್ಟಿನ ಥಾಯ್ ಅನುವಾದ ಮಾಡಿಸುವುದೇ ಮೊದಲ ಕೆಲಸ. ಊರಿನಿಂದ ವಾಪಸ್ ಬಂದ ಮೇಲೆ ಮಾಡಿಸುತ್ತೇನೆ.

ಅಂಗಡಿ ಸೋಮವಾರದಿಂದ ಶುಕ್ರವಾರ, ಇಮಿಗ್ರೇಷನ್ ಕಚೇರಿ ಬಾಗಿಲು ತೆರೆಯುವುದಕ್ಕೆ ಮುಂಚೆಯೇ ತೆರೆದಿರುತ್ತದೆ. 12ರಿಂದ 1ರವರೆಗೆ ಊಟಕ್ಕೆ ಮುಚ್ಚುತ್ತಾರೆ. ಬೆಳಿಗ್ಗೆ ಎಂಟಕ್ಕೆ ಮೊದಲು ಹೋದರೆ ಯಜಮಾನಿ ಒಬ್ಬರೇ ಇರುತ್ತಾರೆ, ಕಾಗದಗಳನ್ನು ನಿಧಾನವಾಗಿ ಹರಡಿ ನೋಡುತ್ತಾರೆ.